ಪುಟವಿನ್ಯಾಸದಲ್ಲಿ ಒಡೆಯುವ ಕನ್ನಡ ಅಕ್ಷರ: ದೋಷದ ಮೂಲ ಹುಡುಕುವ ಕೈಪಿಡಿ

ಇನ್‌ಡಿಸೈನ್‌ನಂಥ ಪುಟವಿನ್ಯಾಸ ತಂತ್ರಾಂಶದಲ್ಲಿ ಕನ್ನಡದ ಅಕ್ಷರಗಳು ಒಡೆದು ಕಾಣಿಸಿದಾಗ ಕಾಸರಗೋಡಿನಿಂದ ಮಂಜೇಶ್ವರದವರೆಗಿನ ಡಿಟಿಪಿ ಅಂಗಡಿಗಳಲ್ಲಿ ಮೊದಲು ಸಿಗುವ ಸಲಹೆ ‘ಫಾಂಟ್ ಬದಲಿಸಿ ನೋಡಿ’ ಎಂಬುದು. ಇದರಿಂದ ಕೆಲಸ ಆಗುವುದೂ ಉಂಟು. ಆದರೆ ಫಾಂಟ್ ಬದಲಿಸಿದ ಮೇಲೆ ಅಕ್ಷರ ಸರಿಯಾಯಿತು ಎಂಬ ಒಂದೇ ಕಾರಣಕ್ಕೆ ದೋಷ ಫಾಂಟಿನದೇ ಆಗಿತ್ತು ಎಂದು ತೀರ್ಮಾನಿಸಲು ಬರುವುದಿಲ್ಲ. ಎಷ್ಟೋ ಸಲ ಮೂಲ ದೋಷ ಇದ್ದಲ್ಲೇ ಉಳಿದು, ಮರುಮುದ್ರಣದ ಹೊತ್ತಿಗೆ ಅಥವಾ ಬೇರೆ ಯಂತ್ರದಲ್ಲಿ ಕಡತ ತೆರೆದಾಗ ಮತ್ತೆ ತಲೆ ಎತ್ತುತ್ತದೆ.

ಪರದೆಯ ಮೇಲೆ ಒಂದು ಒತ್ತಕ್ಷರ ಮೂಡಬೇಕಾದರೆ ನಾಲ್ಕು ಹಂತಗಳು ಸರಿಯಾಗಿ ನಡೆಯಬೇಕು. ಕಡತದೊಳಗೆ ಯೂನಿಕೋಡ್ ಸಂಕೇತಗಳು, ಅಂದರೆ ಒಂದೊಂದು ಅಕ್ಷರಕ್ಕೂ ಚಿಹ್ನೆಗೂ ಗೊತ್ತುಮಾಡಿದ ಸಂಖ್ಯೆಗಳು, ಸರಿಯಾದ ಕ್ರಮದಲ್ಲಿರಬೇಕು. ಆ ಸಂಕೇತಗಳನ್ನು ಓದಿ ಯಾವುದು ಒತ್ತಾಗಬೇಕು, ಯಾವುದು ಅರ್ಕಾವೊತ್ತಾಗಬೇಕು ಎಂದು ತಂತ್ರಾಂಶದ ಕಂಪೋಸರ್ (ಅಕ್ಷರ ಜೋಡಿಸುವ ಭಾಗ) ನಿರ್ಧರಿಸಬೇಕು. ಅದು ಕೇಳಿದ ಆಕೃತಿಯನ್ನು ಫಾಂಟ್ ಒದಗಿಸಬೇಕು. ಕೊನೆಗೆ ಆ ಆಕೃತಿ ಪಿಡಿಎಫ್‌ನ ಮೂಲಕ ಮುದ್ರಣದ ಪ್ಲೇಟಿನವರೆಗೆ ಹಾಗೆಯೇ ತಲುಪಬೇಕು. ‘ಶಾಸ್ತ್ರ’ ಎಂಬ ಪದ ಓದುವವರಿಗೆ ಎರಡಕ್ಷರ. ಕಡತದಲ್ಲಿ ಅದು ಶ, ಆಕಾರದ ಚಿಹ್ನೆ, ಸ, ಹಲಂತ, ತ, ಹಲಂತ, ರ ಎಂಬ ಏಳು ಸಂಕೇತಗಳ ಸಾಲು. ಈ ಏಳನ್ನು ಎರಡಾಗಿ ಕಟ್ಟುವ ಕೆಲಸ ಯಾವ ಹಂತದಲ್ಲಿ ತಪ್ಪಿತು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಆಮೇಲಷ್ಟೇ ಸೆಟ್ಟಿಂಗುಗಳಿಗೆ ಕೈ ಹಾಕಬೇಕು.

ಒಡೆದ ಅಕ್ಷರ ಏನು ಹೇಳುತ್ತದೆ

ದೋಷದ ರೂಪವೇ ಅರ್ಧ ಉತ್ತರ ಕೊಡುತ್ತದೆ. ‘ಶಾಸ್ತ್ರ’ ಎಂದಿರಬೇಕಾದಲ್ಲಿ ‘ಶಾಸ್‌ತ್‌ರ’ ಎಂದು ಹಲಂತಗಳು ಬಿಚ್ಚಿಕೊಂಡು ಸಾಲಾಗಿ ನಿಂತಿದ್ದರೆ ಸಂಕೇತಗಳು ಬಹುಶಃ ಸರಿಯಾಗಿವೆ, ಜೋಡಣೆ ನಡೆದಿಲ್ಲ. ಚುಕ್ಕಿಗಳಿಂದ ಮಾಡಿದ ಸಣ್ಣ ವೃತ್ತವೊಂದು ನಡುವೆ ಮೂಡಿ ಅದಕ್ಕೆ ಕಾಗುಣಿತದ ಚಿಹ್ನೆ ಅಂಟಿಕೊಂಡಿದ್ದರೆ ಜೋಡಣೆ ನಡೆಯುತ್ತಿದೆ, ಸಂಕೇತಗಳ ಸಾಲೇ ತಪ್ಪಾಗಿದೆ. ಆಧಾರ ವ್ಯಂಜನ ಕಾಣದ ಸ್ವರಚಿಹ್ನೆಯನ್ನು ಯಂತ್ರ ಆ ವೃತ್ತದ ಮೇಲೆ ಕೂರಿಸಿ ತೋರಿಸುತ್ತದೆ. ಖಾಲಿ ಚೌಕ ಕಂಡರೆ ಆ ಸಂಕೇತಕ್ಕೆ ಫಾಂಟಿನಲ್ಲಿ ಆಕೃತಿಯಿಲ್ಲ. ಪಠ್ಯದ ಹಿಂದೆ ಗುಲಾಬಿ ಬಣ್ಣ ಹರಡಿದ್ದರೆ ಫಾಂಟೇ ಯಂತ್ರದಲ್ಲಿಲ್ಲ. ಇಡೀ ಸಾಲು ತಲೆಯ ಮೇಲೆ ಗೀಟು, ಚುಕ್ಕಿ ಹೊತ್ತ ರೋಮನ್ ಅಕ್ಷರಗಳಾಗಿದ್ದರೆ ಅದು ಯೂನಿಕೋಡ್ ಪಠ್ಯವೇ ಅಲ್ಲ.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಅಕ್ಷರ ಸ್ವಚ್ಛವಾಗಿ ಮೂಡಿಯೂ ಪದ ತಪ್ಪಾಗಿರುವ ಸಂದರ್ಭ. ಚೌಕವಿಲ್ಲ, ವೃತ್ತವಿಲ್ಲ, ‘ಪೆರ್ಲ’ ಎಂಬ ಊರ ಹೆಸರು ಮಾತ್ರ ‘ಪೆಲರ್’ ಆಗಿದೆ. ಇದಕ್ಕೆ ಮುಂದೆ ಬರುತ್ತೇನೆ.

ಪರೀಕ್ಷೆಗೆಂದು ಒಂದು ಸಾಲನ್ನು ಸಿದ್ಧವಾಗಿಟ್ಟುಕೊಳ್ಳುವುದು ಒಳ್ಳೆಯದು. ಅದಕ್ಕೆ ನಮ್ಮ ಊರ ಹೆಸರುಗಳೇ ಬೇಕಾದಷ್ಟಾದವು. ನೀರ್ಚಾಲು, ಚೆರ್ಕಳ, ಪೆರ್ಲ, ವರ್ಕಾಡಿ ಎಂಬವು ಅರ್ಕಾವೊತ್ತನ್ನು ಪರೀಕ್ಷಿಸುತ್ತವೆ. ಬದಿಯಡ್ಕ, ಉಪ್ಪಳ, ಮುಳ್ಳೇರಿಯ, ಎಣ್ಮಕಜೆ ಸರಳ ಒತ್ತುಗಳನ್ನು, ಬಂದ್ಯೋಡು ಒತ್ತಿನ ಮೇಲೆ ಎರಡು ಭಾಗದ ದೀರ್ಘ ಸ್ವರ ಬಂದಾಗಿನ ಸ್ಥಿತಿಯನ್ನು ತೋರಿಸುತ್ತವೆ. ರಾಷ್ಟ್ರಕವಿ ಮಂಜೇಶ್ವರ ಗೋವಿಂದ ಪೈ ಎಂದು ಬರೆದರೆ ಒತ್ತಿನ ಕೆಳಗಿನ ಒತ್ತು ಸಿಗುತ್ತದೆ. ಕಯ್ಯಾರ ಕಿಞ್ಞಣ್ಣ ರೈ ಎಂಬ ಹೆಸರು ಫಾಂಟಿನ ನಿಜವಾದ ಪರೀಕ್ಷೆ, ಏಕೆಂದರೆ ಞಕಾರಕ್ಕೆ ಞಕಾರದ ಒತ್ತು ಘಟ್ಟದ ಮೇಲಿನ ಬರವಣಿಗೆಯಲ್ಲಿ ಅಪರೂಪವಾದ್ದರಿಂದ ಅದನ್ನು ಸರಿಯಾಗಿ ಕೆತ್ತದೆ ಬಿಟ್ಟ ಫಾಂಟುಗಳಿವೆ. ಕಾಞಂಗಾಡು ಎಂದೂ ಕಿಞ್ಞಣ್ಣ ಎಂದೂ ದಿನವಹಿ ಅಚ್ಚು ಹಾಕುವ ನಮಗೆ ಞಕಾರ ಅಪರೂಪವಲ್ಲ. ಇವುಗಳ ಜೊತೆಗೆ ರ‍್ಯಾಂಕ್, ರಾಜ್‌ಕುಮಾರ್ ಎಂಬ ಎರಡು ಪದಗಳನ್ನೂ ‘॥ ಶ್ರೀ ॥’ ಎಂಬುದನ್ನೂ ರೂಪಾಯಿ ಚಿಹ್ನೆಯನ್ನೂ ಸೇರಿಸಿದರೆ ಸಾಲು ಪೂರ್ಣವಾಗುತ್ತದೆ.

ಮೊದಲು ಪಠ್ಯ, ಆಮೇಲೆ ಕಂಪೋಸರ್, ಕೊನೆಗೆ ಫಾಂಟ್

ಒಡೆದ ಪದವನ್ನು ಇನ್‌ಡಿಸೈನ್‌ನಿಂದ ನಕಲು ಮಾಡಿ ನೋಟ್‌ಪ್ಯಾಡ್‌ನಲ್ಲೂ ಬ್ರೌಸರ್‌ನ ಹುಡುಕು ಪಟ್ಟಿಯಲ್ಲೂ ಅಂಟಿಸಿ ನೋಡಬೇಕು. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆ ಆಫೀಸ್ ಇವೆಲ್ಲ ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಎಂಬ ಮುಕ್ತ ಯಂತ್ರವನ್ನು ಬಳಸುತ್ತವೆ; ವಿಂಡೋಸ್‌ನ ನೋಟ್‌ಪ್ಯಾಡ್ ಮೈಕ್ರೋಸಾಫ್ಟ್‌ನ ಸ್ವಂತ ಯಂತ್ರವನ್ನು ಬಳಸುತ್ತದೆ. ಎರಡು ಬೇರೆ ಬೇರೆ ಯಂತ್ರಗಳಲ್ಲೂ ಪದ ಸರಿಯಾಗಿ ಕಂಡರೆ ಸಂಕೇತಗಳ ಸಾಲು ನಿರ್ದೋಷಿ ಎಂದು ನಂಬಬಹುದು. ಎರಡರಲ್ಲೂ ತಪ್ಪಾಗಿ ಕಂಡರೆ ಇನ್‌ಡಿಸೈನ್‌ನ ಸೆಟ್ಟಿಂಗುಗಳನ್ನು ತಡಕಾಡುವ ಅಗತ್ಯವೇ ಇಲ್ಲ, ಪಠ್ಯವನ್ನೇ ಸರಿಪಡಿಸಬೇಕು.

ಪಠ್ಯ ನಿರ್ದೋಷಿಯಾದರೆ ಮುಂದೆ ನೋಡಬೇಕಾದ್ದು ಕಂಪೋಸರ್. ಹಳೆಯ ಪುಟವಿನ್ಯಾಸ ತಂತ್ರಾಂಶವಾದ ಪೇಜ್‌ಮೇಕರ್‌ಗೆ, 2001ರಲ್ಲಿ ಬಂದ ಅದರ ಕೊನೆಯ 7.0 ಆವೃತ್ತಿಯವರೆಗೂ, ಯೂನಿಕೋಡ್ ತಿಳಿದಿರಲಿಲ್ಲ. ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿಗಳಿಗೆ ಅಧಿಕೃತ ಬೆಂಬಲ ಬಂದದ್ದು 2012ರ ಸಿಎಸ್6ರಲ್ಲಿ, ವರ್ಲ್ಡ್-ರೆಡಿ ಕಂಪೋಸರ್ ಎಂಬ ಹೆಸರಿನಿಂದ. ಹಳೆಯ ಅಡೋಬಿ ಪ್ಯಾರಾಗ್ರಾಫ್ ಕಂಪೋಸರ್ ಕೂಡ ಅದರ ಪಕ್ಕದಲ್ಲೇ ಉಳಿದುಕೊಂಡಿದೆ, ಮತ್ತು ಹಲಂತ ಬಿಚ್ಚಿಕೊಂಡು ನಿಲ್ಲುವ ದೋಷದ ಬಹುಪಾಲು ಹುಟ್ಟುವುದು ಅಲ್ಲಿಂದಲೇ. ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೂಲೆಯ ಮೆನು ತೆರೆದು, ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಆಯ್ಕೆಯಾಗಿದೆಯೇ ಎಂದು ನೋಡಬೇಕು.

ಇಲ್ಲಿ ನೆನಪಿಡಬೇಕಾದ ಸಂಗತಿ, ಕಂಪೋಸರ್ ಎಂಬುದು ಇಡೀ ಕಡತಕ್ಕೆ ಸೇರಿದ ಗುಣವಲ್ಲ, ಪ್ರತಿಯೊಂದು ಪ್ಯಾರಾಕ್ಕೆ ಸೇರಿದ್ದು. ಆದ್ದರಿಂದ ಒಂದೇ ಪುಟದಲ್ಲಿ ಮೇಲಿನ ಪ್ಯಾರಾ ಸರಿಯಿದ್ದು ಕೆಳಗಿನದು ಒಡೆದಿರುವುದು ಸಾಧ್ಯ; ಕಳೆದ ವರ್ಷದ ಸಂಚಿಕೆಯಿಂದ ಶೈಲಿಸಮೇತ ನಕಲು ಮಾಡಿ ತಂದ ಪ್ಯಾರಾ ತನ್ನ ಹಳೆಯ ಕಂಪೋಸರನ್ನೂ ಜೊತೆಗೆ ತಂದಿರುತ್ತದೆ. ಕೈಯಿಂದ ಒಂದೊಂದೇ ಪ್ಯಾರಾ ಸರಿಪಡಿಸುವುದರ ಬದಲು ಪ್ಯಾರಾಗ್ರಾಫ್ ಸ್ಟೈಲ್‌ನ ಜಸ್ಟಿಫಿಕೇಶನ್ ವಿಭಾಗದಲ್ಲಿ ಬದಲಾವಣೆ ಮಾಡಬೇಕು, ಮತ್ತು ಬೇಸಿಕ್ ಪ್ಯಾರಾಗ್ರಾಫ್‌ನಿಂದ ಹೊರಟ ಸ್ಟೈಲ್‌ಗಳಿಗೆ ಅದು ಇಳಿದಿದೆಯೇ ಎಂದು ನೋಡಬೇಕು. ಒಡಲು ಪಠ್ಯ ಸರಿಯಾದ ಮೇಲೂ ಪರಿವಿಡಿ, ಅಡಿಟಿಪ್ಪಣಿ, ಕೋಷ್ಟಕದ ಒಳಮನೆಗಳು, ಮಾಸ್ಟರ್ ಪುಟದ ತಲೆಬರಹ ಒಡೆದೇ ಉಳಿಯುತ್ತವೆ, ಏಕೆಂದರೆ ಇವುಗಳ ಸ್ಟೈಲ್‌ಗಳು ಸಾಮಾನ್ಯವಾಗಿ ಬೇರೆ ಇರುತ್ತವೆ. ಸ್ಮರಣ ಸಂಚಿಕೆಗಳಲ್ಲಿ ಒಳಗೆಲ್ಲ ಶುದ್ಧವಿದ್ದು ಪರಿವಿಡಿಯಲ್ಲಿ ಮಾತ್ರ ಲೇಖಕರ ಹೆಸರು ಒಡೆದಿರುವುದನ್ನು ಕಂಡವರಿಗೆ ಕಾರಣ ಇದೇ ಎಂದು ಹೇಳಬಹುದು. ಹೊಸ ಕಡತಗಳಿಗಾಗಿ, ಯಾವ ಕಡತವನ್ನೂ ತೆರೆಯದೆ, ಪ್ರಿಫರೆನ್ಸಸ್‌ನ ಅಡ್ವಾನ್ಸ್‌ಡ್ ಟೈಪ್ ವಿಭಾಗದಲ್ಲಿ ಮೂಲ ಕಂಪೋಸರನ್ನೇ ಬದಲಿಸಿಟ್ಟರೆ ಈ ತೊಂದರೆಯ ದೊಡ್ಡ ಪಾಲು ಮತ್ತೆ ಬಾರದು.

ಫೋಟೋಶಾಪ್ ಮತ್ತು ಇಲ್ಲಸ್ಟ್ರೇಟರ್‌ಗಳಲ್ಲೂ ಇದೇ ತತ್ತ್ವ. ಆಯ್ಕೆ ಇರುವ ಜಾಗ ಬೇರೆ. ಎರಡರಲ್ಲೂ ಪ್ರಿಫರೆನ್ಸಸ್‌ನ ಟೈಪ್ ವಿಭಾಗ ನೋಡಬೇಕು.

ಇನ್‌ಡಿಸೈನ್‌ನ ಇತ್ತೀಚಿನ ಆವೃತ್ತಿಗಳು ವರ್ಲ್ಡ್-ರೆಡಿ ಕಂಪೋಸರ್‌ನೊಳಗೆ ಹಾರ್ಫ್‌ಬಜ್ ಯಂತ್ರವನ್ನೇ ಬಳಸುತ್ತವೆ. ಇದರಿಂದ ಒಟ್ಟು ಗುಣಮಟ್ಟ ಹೆಚ್ಚಿದೆ. ಆದರೆ ಹಳೆಯ ಆವೃತ್ತಿಯಲ್ಲಿ ಕಟ್ಟಿದ ಪುಸ್ತಕವನ್ನು ಹೊಸದರಲ್ಲಿ ತೆರೆದಾಗ ಒತ್ತಿನ ಸ್ಥಾನ ಕೊಂಚ ಸರಿದು, ಗೆರೆ ಒಡೆಯುವ ಜಾಗ ಬದಲಾಗಿ, ಪುಟದ ಕೊನೆಯ ಸಾಲು ಮುಂದಿನ ಪುಟಕ್ಕೆ ಜಾರಬಹುದು. ಅಂಗಡಿಯಲ್ಲೊಂದು ಆವೃತ್ತಿ, ಪ್ರೆಸ್ಸಿನಲ್ಲೊಂದು ಆವೃತ್ತಿ ಇದ್ದರೆ ತೆರೆದ ಕಡತ ಕಳುಹಿಸುವುದನ್ನು ಬಿಡುವುದೇ ಲೇಸು.

ಪಠ್ಯವೇ ತಪ್ಪಾಗಿರುವಾಗ

ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕೃತಿಗಳನ್ನು ರೋಮನ್ ಅಕ್ಷರಗಳ ಮನೆಗಳಲ್ಲಿ ಕೂರಿಸಿತ್ತು. ನುಡಿಯ ‘ಕ’ ಎಂಬುದು ಯಂತ್ರದ ಪಾಲಿಗೆ ರೋಮನ್‌ನ ದೊಡ್ಡ ‘ಪಿ’ ಮತ್ತು ತಲೆಯ ಮೇಲೆ ಗೀಟಿರುವ ಒಂದು ‘ಎ’. ಅಂಥ ಪಠ್ಯಕ್ಕೆ ಯೂನಿಕೋಡ್ ಫಾಂಟ್ ಹಚ್ಚಿದರೆ ರೋಮನ್ ಅಕ್ಷರಗಳ ಸಂತೆ ಕಾಣುತ್ತದೆ. ಯೂನಿಕೋಡ್ ಪಠ್ಯಕ್ಕೆ ಆ ಹಳೆಯ ಫಾಂಟ್ ಹಚ್ಚಿದರೆ ಚೌಕಗಳು ಕಾಣುತ್ತವೆ. ನುಡಿಯ ಹೆಸರಿನಲ್ಲೇ ಎರಡೂ ಬಗೆಯ ಫಾಂಟುಗಳಿರುವುದರಿಂದ ‘ನುಡಿಯಲ್ಲಿ ಟೈಪ್ ಮಾಡಿದ್ದು’ ಎಂದು ಗಿರಾಕಿ ಹೇಳಿದ ಮಾತ್ರಕ್ಕೆ ಏನೂ ಗೊತ್ತಾಗುವುದಿಲ್ಲ. ಕಡತ ತೆರೆದು ನೋಡಲೇಬೇಕು.

ಹಳೆಯ ಪಠ್ಯವನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತಂದಾಗ ಹುಟ್ಟುವ ತಪ್ಪುಗಳು ಇದಕ್ಕಿಂತ ಅಪಾಯಕಾರಿ, ಏಕೆಂದರೆ ಅವು ಕಣ್ಣಿಗೆ ದೋಷದಂತೆ ಕಾಣುವುದೇ ಇಲ್ಲ. ಹಳೆಯ ಫಾಂಟುಗಳಲ್ಲಿ ಅರ್ಕಾವೊತ್ತು ಕಾಣುವ ಜಾಗದಲ್ಲೇ, ಅಂದರೆ ವ್ಯಂಜನದ ನಂತರ, ಒಂದು ಬಿಡಿ ಆಕೃತಿಯಾಗಿ ನಿಂತಿರುತ್ತದೆ. ಯೂನಿಕೋಡ್‌ನಲ್ಲಿ ರಕಾರವೂ ಹಲಂತವೂ ಉಚ್ಚಾರದ ಕ್ರಮದಲ್ಲಿ, ಅಂದರೆ ವ್ಯಂಜನಕ್ಕಿಂತ ಮೊದಲು ಬರಬೇಕು. ಸಂಕೇತಗಳನ್ನು ಒಂದಕ್ಕೊಂದರಂತೆ ಬದಲಿಸಿ, ಹಿಂದಕ್ಕೆ ಸರಿಸಬೇಕಾದ್ದನ್ನು ಸರಿಸದ ಪರಿವರ್ತಕ ‘ಪೆರ್ಲ’ವನ್ನು ‘ಪೆಲರ್’ ಮಾಡುತ್ತದೆ, ‘ಚೆರ್ಕಳ’ವನ್ನು ‘ಚೆಕರ್ಳ’ ಮಾಡುತ್ತದೆ, ‘ನೀರ್ಚಾಲು’ ಎಂಬುದನ್ನು ‘ನೀಚಾರ್ಲು’ ಮಾಡುತ್ತದೆ, ‘ವರ್ಕಾಡಿ’ಯನ್ನು ‘ವಕಾರ್ಡಿ’ ಮಾಡುತ್ತದೆ. ಇವೆಲ್ಲ ಯಂತ್ರದ ದೃಷ್ಟಿಯಲ್ಲಿ ದೋಷವಿಲ್ಲದ ಕನ್ನಡ ಪದಗಳು. ಯಾವ ಕಂಪೋಸರೂ ಯಾವ ಫಾಂಟೂ ಇವನ್ನು ತಿದ್ದಲಾರದು, ದಿನವಿಡೀ ಸೆಟ್ಟಿಂಗು ಬದಲಿಸಿದರೂ ಅಷ್ಟೇ. ಪರಿವರ್ತಿಸಿದ ಪಠ್ಯವನ್ನು ಪುಟಕ್ಕೆ ಸುರಿಯುವ ಮೊದಲು ಊರು, ಮನೆತನ, ವ್ಯಕ್ತಿಗಳ ಹೆಸರುಗಳನ್ನು ಮಾತ್ರವಾದರೂ ಮೂಲದೊಡನೆ ಹೋಲಿಸಿ ಓದಬೇಕು. ಸಾಮಾನ್ಯ ಪದದಲ್ಲಿ ತಪ್ಪಿದ್ದರೆ ಪ್ರೂಫ್ ನೋಡುವವರ ಕಣ್ಣಿಗೆ ಬೀಳುತ್ತದೆ, ಹೊರ ಊರಿನ ಪ್ರೂಫ್ ರೀಡರ್‌ಗೆ ‘ಚೆಕರ್ಳ’ ಎಂಬುದೂ ಒಂದು ಊರಿರಬಹುದೆಂದೇ ತೋರುತ್ತದೆ.

ಎರಡನೆಯ ಕಣ್ಣುಕಟ್ಟು ಸೊನ್ನೆಯದು. ಅನುಸ್ವಾರದ ಸಂಕೇತ 0ಸಿ82, ಕನ್ನಡ ಅಂಕಿ ಸೊನ್ನೆಯ ಸಂಕೇತ 0ಸಿಇ6. ‘ಕುಂಬಳೆ’ ಎಂದು ಬರೆಯುವ ಬದಲು ‘ಕು೦ಬಳೆ’ ಎಂದು ಅಂಕಿಯನ್ನು ಒತ್ತಿದ ಪಠ್ಯ ಹಲವು ಫಾಂಟುಗಳಲ್ಲಿ ಒಂದೇ ರೀತಿ ಕಾಣುತ್ತದೆ. ಫಾಂಟ್ ಬದಲಿಸಿದಾಗ ಮಾತ್ರ ಕೆಲವು ವೃತ್ತಗಳು ಇದ್ದಕ್ಕಿದ್ದಂತೆ ದೊಡ್ಡದೋ ಚಿಕ್ಕದೋ ಆಗುತ್ತವೆ, ಅಂಕಿಗಳಿಗೆಂದು ಹಚ್ಚಿದ ಗ್ರೆಪ್ ಸ್ಟೈಲ್ (ಹೇಳಿದ ಮಾದರಿಗೆ ಹೊಂದುವ ಅಕ್ಷರಗಳಿಗೆ ತಾನಾಗಿ ಹತ್ತುವ ಶೈಲಿ) ಪದದ ನಡುವೆ ಬಣ್ಣ ಬಳಿಯುತ್ತದೆ, ಹುಡುಕಿದರೆ ಕುಂಬಳೆಯೇ ಸಿಗುವುದಿಲ್ಲ. ಕನ್ನಡ ಅಕ್ಷರದ ಬೆನ್ನಿಗೆ ಬಂದ ಸೊನ್ನೆಯನ್ನು ಹುಡುಕಿ ಅನುಸ್ವಾರವಾಗಿ ಬದಲಿಸುವ ಒಂದು ಗ್ರೆಪ್ ಹುಡುಕಾಟವನ್ನು ಉಳಿಸಿಟ್ಟುಕೊಂಡು, ಹೊರಗಿನಿಂದ ಬಂದ ಎಲ್ಲ ಪಠ್ಯಕ್ಕೂ ನಡೆಸುವುದು ಒಳ್ಳೆಯ ಅಭ್ಯಾಸ. ಅಂಕಿಯ ಬೆನ್ನಿಗೆ ಬಂದ ಸೊನ್ನೆಯನ್ನು ಮಾತ್ರ ಮುಟ್ಟಬಾರದು.

ಮೂರನೆಯದು ಕಣ್ಣಿಗೆ ಕಾಣದ ಸಂಕೇತಗಳು. ನಾನ್‌ಜಾಯ್ನರ್ ಎಂಬ 200ಸಿ ಸಂಕೇತ ಇಲ್ಲದಿದ್ದರೆ ‘ರಾಜ್‌ಕುಮಾರ್’ ಎಂಬುದು ‘ರಾಜ್ಕುಮಾರ್’ ಆಗುತ್ತದೆ, ‘ಕಾಸರಗೋಡ್‌ನಲ್ಲಿ’ ಎಂಬುದು ‘ಕಾಸರಗೋಡ್ನಲ್ಲಿ’ ಆಗುತ್ತದೆ. ಜಾಯ್ನರ್ ಎಂಬ 200ಡಿ ಸಂಕೇತ ಇಲ್ಲದಿದ್ದರೆ ‘ರ‍್ಯಾಂಕ್’ ಪದದ ರಕಾರ ಅರ್ಕಾವೊತ್ತಾಗಿ ‘ರ್ಯಾಂಕ್’ ಎಂದಾಗುತ್ತದೆ. ಆ ಜಾಯ್ನರ್ ರಕಾರದ ಬೆನ್ನಿಗೆ, ಹಲಂತಕ್ಕಿಂತ ಮೊದಲು ಬರಬೇಕು. ಪಠ್ಯವನ್ನು ‘ಸ್ವಚ್ಛ’ ಮಾಡುವ ಸ್ಕ್ರಿಪ್ಟ್‌ಗಳು ಇವೆರಡನ್ನೂ ಕಸವೆಂದು ಗುಡಿಸಿ ಹಾಕುವುದುಂಟು. ಇದಕ್ಕೆ ತದ್ವಿರುದ್ಧವಾಗಿ, ಜಾಲತಾಣಗಳಿಂದ ನಕಲು ಮಾಡಿದ ಪಠ್ಯದಲ್ಲಿ 200ಬಿ ಎಂಬ ಶೂನ್ಯ ಅಗಲದ ಖಾಲಿ ಜಾಗ ಸೇರಿಕೊಂಡಿರುತ್ತದೆ. ಅದು ವ್ಯಂಜನಕ್ಕೂ ಅದರ ಚಿಹ್ನೆಗೂ ನಡುವೆ ಸಿಕ್ಕಿಕೊಂಡರೆ ಚುಕ್ಕಿ ವೃತ್ತ ಪ್ರತ್ಯಕ್ಷವಾಗುತ್ತದೆ.

ಇವನ್ನು ಪತ್ತೆಮಾಡಲು ವಿಶೇಷ ಸಾಧನ ಬೇಕಿಲ್ಲ. ಪದವನ್ನು ನೋಟ್‌ಪ್ಯಾಡ್‌ನಲ್ಲಿ ಅಂಟಿಸಿ ಕೊನೆಯಿಂದ ಬ್ಯಾಕ್‌ಸ್ಪೇಸ್ ಒತ್ತುತ್ತಾ ಬಂದರೆ ಒಂದೊಂದೇ ಸಂಕೇತ ಅಳಿಸುತ್ತಾ ಹೋಗುತ್ತದೆ. ಕೀಲಿ ಒತ್ತಿದರೂ ಏನೂ ಅಳಿಯಲಿಲ್ಲವೆಂದು ತೋರಿದಲ್ಲಿ ಒಂದು ಅದೃಶ್ಯ ಸಂಕೇತ ಇತ್ತು ಎಂದರ್ಥ. ಅದು ಯಾವುದೆಂದು ತಿಳಿಯಲು ವರ್ಡ್‌ನಲ್ಲಿ ಕರ್ಸರನ್ನು ಅದರ ಬಲಕ್ಕೆ ಇಟ್ಟು ಆಲ್ಟ್ ಮತ್ತು ಎಕ್ಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸಂಕೇತದ ಸಂಖ್ಯೆ ಕಾಣುತ್ತದೆ. ಇನ್‌ಡಿಸೈನ್‌ನ ಒಳಗೇ ನೋಡಬೇಕಾದರೆ ಸ್ಟೋರಿ ಎಡಿಟರ್‌ನಲ್ಲಿ ಒಂದೇ ಸಂಕೇತವನ್ನು ಆರಿಸಿ ಇನ್ಫೋ ಪ್ಯಾನೆಲ್ ನೋಡಬಹುದು.

ಪಿಡಿಎಫ್‌ನಿಂದ ಕನ್ನಡ ಪಠ್ಯವನ್ನು ನಕಲು ಮಾಡಿ ಮತ್ತೆ ಪುಟ ಕಟ್ಟುವ ಅಭ್ಯಾಸದ ಬಗ್ಗೆ ಇಷ್ಟೇ ಹೇಳುತ್ತೇನೆ: ಪಿಡಿಎಫ್‌ನಲ್ಲಿರುವುದು ಆಕೃತಿಗಳ ಸಾಲು, ಸಂಕೇತಗಳ ಸಾಲಲ್ಲ, ಒತ್ತುಗಳೂ ಅರ್ಕಾವೊತ್ತುಗಳೂ ಅಲ್ಲಿಂದ ಹೆಚ್ಚಾಗಿ ಕ್ರಮ ತಪ್ಪಿಯೇ ಹೊರಬರುತ್ತವೆ. ಮೂಲ ಪಠ್ಯ ಸಿಗದಿದ್ದರೆ ಮತ್ತೆ ಟೈಪ್ ಮಾಡಿಸುವುದು ಅಗ್ಗ.

ಕನ್ನಡ, ಮಲಯಾಳ ಒಂದೇ ಪ್ಯಾರಾದಲ್ಲಿ

ನಮ್ಮ ಜಿಲ್ಲೆಯ ಆಮಂತ್ರಣ ಪತ್ರಿಕೆಗಳಿಗೆ ಮತ್ತು ಪ್ರಕಟಣೆಗಳಿಗೆ ವಿಶೇಷವಾದ ದೋಷಗಳು ಇಲ್ಲಿವೆ. ಎರಡು ಲಿಪಿ ಒಂದೇ ಪುಟದಲ್ಲಿದ್ದರೆ ರೋಗಪತ್ತೆಗೆ ಅದು ಅನುಕೂಲವೂ ಹೌದು, ಹೊಸ ರೋಗಗಳಿಗೆ ದಾರಿಯೂ ಹೌದು.

ಅನುಕೂಲ ಹೇಗೆಂದರೆ, ಮಲಯಾಳದಲ್ಲಿ ಎ, ಏ, ಐ ಸ್ವರಗಳ ಚಿಹ್ನೆಗಳು ಉಚ್ಚಾರದಲ್ಲಿ ವ್ಯಂಜನದ ನಂತರ ಬಂದರೂ ಬರವಣಿಗೆಯಲ್ಲಿ ಅದರ ಎಡಕ್ಕೆ ನಿಲ್ಲುತ್ತವೆ. ಕನ್ನಡದಲ್ಲಿ ಹಾಗೆ ಎಡಕ್ಕೆ ಹಾರುವ ಚಿಹ್ನೆಯಿಲ್ಲ. ಆದ್ದರಿಂದ ತಪ್ಪು ಕಂಪೋಸರ್ ಇದ್ದಾಗ ಒತ್ತಕ್ಷರವಿಲ್ಲದ ಕನ್ನಡ ಸಾಲು ಮೇಲ್ನೋಟಕ್ಕೆ ಸರಿಯಾಗಿಯೇ ಕಾಣಬಹುದು, ಮಲಯಾಳದ ಸಾಲು ಮಾತ್ರ ತಕ್ಷಣ ಗುಟ್ಟು ಬಿಟ್ಟುಕೊಡುತ್ತದೆ: ಚಿಹ್ನೆಗಳು ವ್ಯಂಜನದ ಬಲಕ್ಕೆ ಬಂದು ನಿಂತಿರುತ್ತವೆ. ದ್ವಿಭಾಷಾ ಪುಟವನ್ನು ಪರೀಕ್ಷಿಸುವಾಗ ಮೊದಲು ಮಲಯಾಳವನ್ನು ನೋಡಬೇಕೆಂಬುದು ನನ್ನ ಸಲಹೆ. ಅದು ಓದಲು ಬಾರದಿದ್ದರೂ ಚಿಂತೆಯಿಲ್ಲ, ಚಿಹ್ನೆ ಯಾವ ಕಡೆಗಿದೆ ಎಂದು ಮೂಲ ಪ್ರತಿಯೊಡನೆ ಹೋಲಿಸಿದರೆ ಸಾಕು.

ಹೊಸ ರೋಗ ಬರುವುದು ಫಾಂಟ್ ಹಂಚುವ ಗ್ರೆಪ್ ಸ್ಟೈಲ್‌ಗಳಿಂದ. ಕನ್ನಡದ ಸಂಕೇತಗಳೆಲ್ಲ 0ಸಿ80ರಿಂದ 0ಸಿಎಫ್‌ಎಫ್‌ವರೆಗಿನ ವ್ಯಾಪ್ತಿಯಲ್ಲಿ, ಮಲಯಾಳದವು 0ಡಿ00ರಿಂದ 0ಡಿ7ಎಫ್‌ವರೆಗಿನ ವ್ಯಾಪ್ತಿಯಲ್ಲಿ ಇರುವುದರಿಂದ, ಒಂದೊಂದು ವ್ಯಾಪ್ತಿಗೆ ಒಂದೊಂದು ಫಾಂಟ್ ತಾನಾಗಿ ಹತ್ತುವಂತೆ ಗ್ರೆಪ್ ಸ್ಟೈಲ್ ಬರೆಯುವುದು ಜಾಣ ಉಪಾಯ. ಆದರೆ ಜಾಯ್ನರ್ ಮತ್ತು ನಾನ್‌ಜಾಯ್ನರ್‌ಗಳು ಈ ಎರಡೂ ವ್ಯಾಪ್ತಿಗಳ ಹೊರಗಿವೆ. ಹಾಗಾಗಿ ‘ರ‍್ಯಾಂಕ್’ ಎಂಬ ಪದದಲ್ಲಿ ರಕಾರಕ್ಕೆ ಕನ್ನಡದ ಫಾಂಟ್, ಜಾಯ್ನರ್‌ಗೆ ಪ್ಯಾರಾದ ಮೂಲ ರೋಮನ್ ಫಾಂಟ್, ಹಲಂತ ಮತ್ತು ಯಕಾರಕ್ಕೆ ಮತ್ತೆ ಕನ್ನಡದ ಫಾಂಟ್ ಹತ್ತುತ್ತದೆ. ಕಂಪೋಸರ್ ಒಂದು ಫಾಂಟಿನ ಸಾಲನ್ನು ಮಾತ್ರ ಒಟ್ಟಾಗಿ ಜೋಡಿಸಬಲ್ಲದು. ನಡುವೆ ಫಾಂಟ್ ಬದಲಾದರೆ ಅಕ್ಷರ ಅಲ್ಲಿಗೆ ತುಂಡಾಗುತ್ತದೆ. ಪಠ್ಯ ಶುದ್ಧ, ಕಂಪೋಸರ್ ಸರಿ, ಎರಡೂ ಫಾಂಟುಗಳು ಉತ್ತಮ, ಆದರೂ ಕೆಲವೇ ಪದಗಳು ಒಡೆಯುತ್ತವೆ ಎಂದಾದರೆ ಮೊದಲು ಇದನ್ನೇ ಸಂಶಯಿಸಬೇಕು.

ಮಲಯಾಳದಲ್ಲಿ ಇದರ ಪೆಟ್ಟು ಇನ್ನೂ ಜೋರು. ಅಲ್ಲಿನ ಚಿಲ್ಲು ಅಕ್ಷರಗಳಿಗೆ (ಸ್ವರವಿಲ್ಲದ ವ್ಯಂಜನದ ವಿಶೇಷ ರೂಪಗಳಿಗೆ) 2008ರಲ್ಲಿ ಬಂದ ಯೂನಿಕೋಡ್ 5.1ರಿಂದ ಸ್ವತಂತ್ರ ಸಂಕೇತಗಳಿವೆ. ಅದಕ್ಕೂ ಮೊದಲಿನ ಪದ್ಧತಿಯಲ್ಲಿ ವ್ಯಂಜನ, ಚಂದ್ರಕ್ಕಲ (ಮಲಯಾಳದ ಹಲಂತ), ಜಾಯ್ನರ್ ಎಂಬ ಮೂರು ಸಂಕೇತಗಳು ಸೇರಿ ಒಂದು ಚಿಲ್ಲು ಆಗುತ್ತಿತ್ತು. ಹಳೆಯ ಪದ್ಧತಿಯ ಪಠ್ಯದಲ್ಲಿ ಜಾಯ್ನರ್ ಬೇರೆ ಫಾಂಟಿಗೆ ಹೋದರೆ ಚಿಲ್ಲು ಬಿಚ್ಚಿಕೊಂಡು ಚಂದ್ರಕ್ಕಲ ಹೊತ್ತ ವ್ಯಂಜನವಾಗುತ್ತದೆ. ಹೊಸ ಪದ್ಧತಿಯ ಪಠ್ಯವನ್ನು ಹಳೆಯ ಫಾಂಟಿನಲ್ಲಿ ಹಾಕಿದರೆ ಚಿಲ್ಲಿನ ಜಾಗದಲ್ಲಿ ಚೌಕ ಬರುತ್ತದೆ. ಎರಡೂ ಒಂದೇ ಅಕ್ಷರಕ್ಕೆ ಆಗುವ ದೋಷ. ಪರಿಹಾರ ಮಾತ್ರ ಬೇರೆ ಬೇರೆ.

ದೋಷ ಫಾಂಟ್ ಹಂಚಿಕೆಯದ್ದೇ ಎಂದು ಖಚಿತಪಡಿಸಿಕೊಳ್ಳಲು ಸುಲಭದ ದಾರಿಯೊಂದಿದೆ. ವಿಂಡೋಸ್ 8ರಿಂದ ಜೊತೆಗೇ ಬರುವ ನಿರ್ಮಲಾ ಯುಐ ಫಾಂಟಿನಲ್ಲಿ ಕನ್ನಡವೂ ಮಲಯಾಳವೂ ಇವೆ. ಪ್ಯಾರಾದ ಒಂದು ಪ್ರತಿ ಮಾಡಿ, ಗ್ರೆಪ್ ಸ್ಟೈಲ್‌ಗಳನ್ನೆಲ್ಲ ತೆಗೆದು, ಇಡೀ ಪ್ಯಾರಾಕ್ಕೆ ಆ ಒಂದೇ ಫಾಂಟ್ ಹಚ್ಚಬೇಕು. ಆಗ ಎಲ್ಲವೂ ಕೂಡಿಕೊಂಡರೆ ಹಂಚಿಕೆಯೇ ತಪ್ಪಿತಸ್ಥ. ಸರಿಪಡಿಸಲು ಗ್ರೆಪ್ ನಿಯಮವನ್ನು ‘ಕನ್ನಡದ ಒಂದು ಸಂಕೇತ, ಅದರ ಬೆನ್ನಿಗೆ ಇದ್ದರೆ ಜಾಯ್ನರ್ ಅಥವಾ ನಾನ್‌ಜಾಯ್ನರ್’ ಎಂಬ ಅರ್ಥ ಬರುವಂತೆ ತಿದ್ದಬೇಕು. ಮಲಯಾಳದ ನಿಯಮವನ್ನೂ ಹಾಗೆಯೇ. ಈ ಎರಡು ಅದೃಶ್ಯ ಸಂಕೇತಗಳನ್ನು ಸುಮ್ಮನೆ ಕನ್ನಡದ ವ್ಯಾಪ್ತಿಗೆ ಸೇರಿಸಿಬಿಟ್ಟರೆ ಕನ್ನಡ ನೆಟ್ಟಗಾಗಿ ಮಲಯಾಳ ಕೆಡುತ್ತದೆ.

ಶ್ಲೋಕದ ದಂಡಗಳಿಗೂ ಇದೇ ಎಚ್ಚರ ಬೇಕು. ‘॥ ಶ್ರೀ ॥’ ಎಂಬಲ್ಲಿನ ಜೋಡಿ ದಂಡ ಕನ್ನಡದ ವ್ಯಾಪ್ತಿಯಲ್ಲಿಲ್ಲ. ಹೆಚ್ಚಿನ ಭಾರತೀಯ ಲಿಪಿಗಳು ದೇವನಾಗರಿ ವ್ಯಾಪ್ತಿಯ 0964 ಮತ್ತು 0965 ಸಂಕೇತಗಳನ್ನೇ ಹಂಚಿಕೊಳ್ಳುತ್ತವೆ. ವರ್ಡ್ ಮತ್ತು ಬ್ರೌಸರ್‌ಗಳು ಫಾಂಟಿನಲ್ಲಿ ಇಲ್ಲದ ಆಕೃತಿಯನ್ನು ಸದ್ದಿಲ್ಲದೆ ಬೇರೆ ಫಾಂಟಿನಿಂದ ಎರವಲು ತರುತ್ತವೆ, ಇನ್‌ಡಿಸೈನ್ ಹಾಗೆ ಮಾಡದೆ ಚೌಕ ತೋರಿಸುತ್ತದೆ. ‘ವರ್ಡ್‌ನಲ್ಲಿ ಸರಿಯಾಗಿಯೇ ಇತ್ತಲ್ಲ’ ಎಂಬ ಗಿರಾಕಿಯ ದೂರಿಗೆ ಉತ್ತರ ಇದು. ರೂಪಾಯಿ ಚಿಹ್ನೆ ಯೂನಿಕೋಡ್‌ಗೆ ಸೇರಿದ್ದು 2010ರಲ್ಲಿ. ಅದಕ್ಕಿಂತ ಹಿಂದಿನ ಫಾಂಟಿನಲ್ಲಿ ಅದೂ ಚೌಕವೇ. ಹಳಗನ್ನಡ ಶಾಸನಗಳ ಪಾಠ ಅಚ್ಚಿಸುವವರಿಗೆ ಬೇಕಾಗುವ ೞ ಅಕ್ಷರ ಗ್ಲಿಫ್ಸ್ ಪ್ಯಾನೆಲ್‌ನಲ್ಲಿ ಹೆಸರು ಹುಡುಕಿದರೆ ಸಿಗದಿರಲು ಕಾರಣ, ಯೂನಿಕೋಡ್ ಅದಕ್ಕೆ ತಪ್ಪಾಗಿ ‘ಕನ್ನಡ ಅಕ್ಷರ ಫ’ ಎಂಬರ್ಥದ ಹೆಸರಿಟ್ಟು, ನಿಯಮದಂತೆ ಅದನ್ನು ಇನ್ನು ಬದಲಿಸಲಾಗದೆ ಉಳಿಸಿಕೊಂಡಿದೆ. ಸಂಖ್ಯೆ 0ಸಿಡಿಇ ಎಂದು ಹುಡುಕಬೇಕು.

ಪದದ ಒಂದು ಭಾಗಕ್ಕೆ ಮಾತ್ರ ಹತ್ತುವ ಎಲ್ಲ ಅಲಂಕಾರಗಳೂ ಇದೇ ರೀತಿಯಲ್ಲಿ ಅಕ್ಷರ ತುಂಡರಿಸಬಲ್ಲವು. ಪ್ಯಾರಾದ ಆರಂಭದ ದೊಡ್ಡ ಅಕ್ಷರವಾದ ಡ್ರಾಪ್ ಕ್ಯಾಪ್‌ಗೆ ಒಂದು ಅಕ್ಷರ ಎಂದು ಹೇಳಿದಾಗ ‘ಶ್ರೀ’ಯ ನಾಲ್ಕು ಸಂಕೇತಗಳಲ್ಲಿ ಒಂದನ್ನೇ ಎತ್ತಿಕೊಂಡರೆ ಸಂಖ್ಯೆಯನ್ನು ನಾಲ್ಕಕ್ಕೆ ಏರಿಸಬೇಕು.

ಫಾಂಟಿನ ಸರದಿ

ಇಷ್ಟೆಲ್ಲ ನೋಡಿದ ಮೇಲೂ ಒಂದೆರಡು ನಿರ್ದಿಷ್ಟ ಒತ್ತಕ್ಷರಗಳು ಮಾತ್ರ, ಎಲ್ಲ ಪುಟಗಳಲ್ಲೂ, ಒಂದೇ ರೀತಿಯಲ್ಲಿ ತಪ್ಪಾಗುತ್ತಿದ್ದರೆ ಆಗ ಫಾಂಟನ್ನು ದೂರಬಹುದು. ನೋಟೋ ಸೆರಿಫ್ ಕನ್ನಡದಂಥ, ಚೆನ್ನಾಗಿ ನಿರ್ವಹಣೆಯಲ್ಲಿರುವ ಫಾಂಟನ್ನು ಹಚ್ಚಿ ಹೋಲಿಸಬೇಕು. ಓಪನ್‌ಟೈಪ್‌ನಲ್ಲಿ ಕನ್ನಡಕ್ಕೆ ಹಳೆಯದೊಂದು, ಹೊಸದೊಂದು ಹೀಗೆ ಎರಡು ಲಿಪಿ ಗುರುತುಗಳಿವೆ. ಹಳೆಯದನ್ನು ಮಾತ್ರ ನಂಬಿ ಕಟ್ಟಿದ ಫಾಂಟುಗಳು ಹೊಸ ಯಂತ್ರಗಳಲ್ಲಿ ಅಲ್ಲಲ್ಲಿ ಎಡವುತ್ತವೆ. ಅದೇ ಫಾಂಟಿನ ಹೊಸ ಆವೃತ್ತಿ ಸಿಕ್ಕರೆ ಹಾಕಬೇಕು, ಸಿಗದಿದ್ದರೆ ಫಾಂಟ್ ಬಿಡಬೇಕು.

ಹೊಸ ಆವೃತ್ತಿ ಹಾಕಿದ ಮೇಲೂ ಒಂದು ಕಡತದಲ್ಲಿ ಮಾತ್ರ ಹಳೆಯ ದೋಷವೇ ಕಂಡರೆ ಆ ಕಡತದ ಪಕ್ಕದಲ್ಲಿ ‘ಡಾಕ್ಯುಮೆಂಟ್ ಫಾಂಟ್ಸ್’ ಎಂಬ ಫೋಲ್ಡರ್ ಇದೆಯೇ ನೋಡಬೇಕು. ಪ್ಯಾಕೇಜ್ ಮಾಡಿದ ಕಡತಗಳ ಜೊತೆ ಇರುವ ಆ ಫೋಲ್ಡರಿನ ಫಾಂಟಿಗೆ ಆ ಕಡತದ ಮಟ್ಟಿಗೆ ಆದ್ಯತೆ ಸಿಗುತ್ತದೆ. ವಿಂಡೋಸ್ 10ರಲ್ಲಿ ಫಾಂಟ್ ಕಡತದ ಮೇಲೆ ಜೋಡಿ ಕ್ಲಿಕ್ ಮಾಡಿ ಹಾಕಿದಾಗ ಅದು ಆ ಬಳಕೆದಾರರ ಖಾತೆಗೆ ಮಾತ್ರ ಸೇರಿ ಕೆಲವು ತಂತ್ರಾಂಶಗಳಿಗೆ ಕಾಣದೇ ಹೋಗಬಹುದು. ಬಲ ಕ್ಲಿಕ್ ಮಾಡಿ ಎಲ್ಲ ಬಳಕೆದಾರರಿಗೂ ಎಂಬ ಆಯ್ಕೆಯಿಂದ ಹಾಕಬೇಕು.

ಒತ್ತುಗಳು ಕೆಳಗಿನ ಸಾಲಿನ ಗುಡಿಸು, ಏತ್ವಗಳಿಗೆ ಬಡಿಯುವುದು ಜೋಡಣೆಯ ದೋಷವೇ ಅಲ್ಲ. ಇನ್‌ಡಿಸೈನ್ ತಾನಾಗಿ ಕೊಡುವ ಗೆರೆಗಳ ಅಂತರ ಅಕ್ಷರದ ಅಳತೆಯ 120 ಶೇಕಡಾ, ಅಂದರೆ 12 ಪಾಯಿಂಟಿಗೆ 14.4 ಪಾಯಿಂಟ್, ಅದು ರೋಮನ್‌ಗೆ ಸಾಕು, ‘ರಾಷ್ಟ್ರ’ ‘ಶಾಸ್ತ್ರ’ಗಳಿಗೆ ಸಾಲದು. ನನ್ನ ಅಂದಾಜಿನಲ್ಲಿ 12 ಪಾಯಿಂಟಿನ ಕನ್ನಡಕ್ಕೆ 17ರಿಂದ 18 ಪಾಯಿಂಟ್ ಬೇಕು. ಒತ್ತು ತನ್ನ ಅಕ್ಷರದಿಂದ ಪಕ್ಕಕ್ಕೆ ಸರಿದಂತೆ ಕಂಡರೆ ಟ್ರ್ಯಾಕಿಂಗ್ (ಅಕ್ಷರಗಳ ನಡುವಣ ಅಂತರ) ಸೊನ್ನೆಗೆ ತಂದು ನೋಡಬೇಕು. ಪ್ರಿಫರೆನ್ಸಸ್‌ನ ಕಂಪೋಸಿಶನ್ ವಿಭಾಗದಲ್ಲಿ ಕೈಯಿಂದ ಕೊಟ್ಟ ಟ್ರ್ಯಾಕಿಂಗನ್ನು ಬಣ್ಣದಿಂದ ಎತ್ತಿ ತೋರಿಸುವ ಆಯ್ಕೆಯಿದೆ.

ಪರದೆಯಲ್ಲಿ ಸರಿ, ಪ್ಲೇಟಿನಲ್ಲಿ ತಪ್ಪು

ಪಿಡಿಎಫ್ ಅನ್ನು ಅಕ್ರೋಬ್ಯಾಟ್ ರೀಡರ್‌ನಲ್ಲಿ ತೆರೆದು, ಅದರ ಪ್ರಾಪರ್ಟೀಸ್‌ನ ಫಾಂಟ್ಸ್ ಪಟ್ಟಿಯಲ್ಲಿ ಪ್ರತಿಯೊಂದು ಫಾಂಟಿನ ಮುಂದೆಯೂ ಎಂಬೆಡೆಡ್ ಎಂದು ಇದೆಯೇ ನೋಡಬೇಕು. ಇದ್ದೂ ಪ್ರೆಸ್ಸಿನಲ್ಲಿ ಅಕ್ಷರ ಒಡೆದರೆ ಕೇಳಬೇಕಾದ ಪ್ರಶ್ನೆ ಒಂದೇ: ಪಿಡಿಎಫ್ ಅನ್ನು ಕೋರೆಲ್‌ಡ್ರಾ ಅಥವಾ ಇಲ್ಲಸ್ಟ್ರೇಟರ್‌ನಲ್ಲಿ ತಿದ್ದಲೆಂದು ತೆರೆದರೇ? ಹಾಗೆ ತೆರೆದಾಗ ಪಠ್ಯ ಚೂರುಚೂರಾಗಿ, ಆ ಯಂತ್ರದಲ್ಲಿರುವ ಫಾಂಟಿನಿಂದ ಮತ್ತೆ ಜೋಡಣೆಯಾಗುತ್ತದೆ. ಅಂಥ ಪ್ರೆಸ್ಸಿಗೆ ಕಳುಹಿಸುವ ಪ್ರತಿಯಲ್ಲಿ ಅಕ್ಷರಗಳನ್ನು ಔಟ್‌ಲೈನ್ ಮಾಡಿಯೇ, ಅಂದರೆ ಪಠ್ಯವಾಗಿರದ ಗೆರೆಚಿತ್ರವಾಗಿಸಿಯೇ, ಕೊಡಬೇಕು, ತಿದ್ದಬಹುದಾದ ಮೂಲವನ್ನು ಬೇರೆಯಾಗಿ ಉಳಿಸಿಕೊಳ್ಳಬೇಕು. ವೇರಿಯಬಲ್ ಫಾಂಟಿನ (ದಪ್ಪ, ಅಗಲಗಳನ್ನು ಬೇಕಾದಂತೆ ಬದಲಿಸಬಹುದಾದ ಫಾಂಟಿನ) ಅಕ್ಷರಗಳನ್ನು ಔಟ್‌ಲೈನ್ ಮಾಡಿ ಸುತ್ತ ಬಣ್ಣದ ಗೆರೆ ಎಳೆದರೆ ಅಕ್ಷರದ ಒಳಗೂ ಅಡ್ಡ ಗೆರೆಗಳು ಕಾಣಬಹುದು. ಆಕೃತಿಯ ಭಾಗಗಳು ಒಂದರ ಮೇಲೊಂದು ಹಾದುಹೋಗಿರುವುದೇ ಕಾರಣ, ಪಾತ್‌ಫೈಂಡರ್‌ನಿಂದ ಒಂದುಗೂಡಿಸಿದರೆ ಹೋಗುತ್ತದೆ. ಯಕ್ಷಗಾನದ ಪೋಸ್ಟರ್‌ಗಳ ದಪ್ಪ ಶೀರ್ಷಿಕೆಗಳಲ್ಲಿ ಇದನ್ನು ವಿಶೇಷವಾಗಿ ನೋಡಿಕೊಳ್ಳಬೇಕು.

ಸ್ಕ್ರೈಬಸ್ ಎಂಬ ಮುಕ್ತ ಪುಟವಿನ್ಯಾಸ ತಂತ್ರಾಂಶ ಬಳಸುವವರು 1.4ರ ಸಾಲಿನ ಆವೃತ್ತಿಯಲ್ಲಿ ಕನ್ನಡ ಒಡೆಯುವುದನ್ನು ಸರಿಪಡಿಸಲು ಹೊರಡಬಾರದು, ಅದರಲ್ಲಿ ಭಾರತೀಯ ಲಿಪಿಗಳ ಜೋಡಣೆಯೇ ಇಲ್ಲ. ಹಾರ್ಫ್‌ಬಜ್ ಸೇರಿದ್ದು 2017ರ 1.5.3ರಲ್ಲಿ, ಅದು ಸ್ಥಿರ ಆವೃತ್ತಿಯಾಗಿ ಹೊರಬಂದದ್ದು 2024ರ ಜನವರಿಯ 1.6.0ರಲ್ಲಿ. ಕೇರಳದ ಮಲಯಾಳ ದಿನಪತ್ರಿಕೆ ಜನಯುಗಂ 2019ರಲ್ಲೇ ತನ್ನ ಪುಟಗಳನ್ನು ಸ್ಕ್ರೈಬಸ್‌ಗೆ ಒಯ್ದಿತು ಎಂಬುದು ಇದು ಆಟದ ಸಾಮಾನಲ್ಲ ಎಂಬುದಕ್ಕೆ ಸಾಕ್ಷಿ.

ಎಲ್ಲ ಹಂತಗಳನ್ನು ದಾಟಿದ ಮೇಲೂ ದೋಷ ಉಳಿದರೆ ಅದನ್ನು ತಂತ್ರಾಂಶ ಅಥವಾ ಫಾಂಟ್ ತಯಾರಿಸಿದವರಿಗೆ ವರದಿ ಮಾಡಬೇಕು. ಎಂಬತ್ತು ಪುಟದ ಸ್ಮರಣ ಸಂಚಿಕೆಯನ್ನು ಕಳುಹಿಸಿದರೆ ಯಾರೂ ತೆರೆಯುವುದಿಲ್ಲ. ಹೊಸ ಖಾಲಿ ಕಡತದಲ್ಲಿ ಒಡೆಯುವ ಒಂದೇ ಪದ, ಅದರ ಸಂಕೇತಗಳು ಕ್ರಮವಾಗಿ, ಫಾಂಟಿನ ಹೆಸರು ಮತ್ತು ಆವೃತ್ತಿ, ತಂತ್ರಾಂಶದ ಆವೃತ್ತಿ, ಕಂಪೋಸರ್ ಯಾವುದು, ಕಾಣುತ್ತಿರುವ ರೂಪದ ಚಿತ್ರ, ಮತ್ತು ಕಾಣಬೇಕಾದ ರೂಪದ ಚಿತ್ರ ಇಷ್ಟಿದ್ದರೆ ಕನ್ನಡ ಓದಲು ಬಾರದ ತಂತ್ರಜ್ಞನಿಗೂ ದೋಷ ಕಾಣುತ್ತದೆ. ಕಾಣಬೇಕಾದ ರೂಪವನ್ನು ಬೇರೆ ಫಾಂಟಿನಲ್ಲಿ ತೋರಿಸಲಾಗದಿದ್ದರೆ ಕೈಯಿಂದ ಬರೆದು ಫೋಟೋ ತೆಗೆದು ಸೇರಿಸಬಹುದು.